ಬಯಕೆ ಮುಗಿದ ಮೇಲೆ ನನ್ನ ಆಸ್ಪತ್ರೆ ಯಾವುದು

ದಿನವೂ ಬೆಳಿಗ್ಗೆ ನಾನೊಂದು ಬಿ.ಪಿ. ಮಾತ್ರೆ ನುಂಗುತ್ತೇನೆ. ಮಗ ಅಂಗನವಾಡಿಗೆ ಹೋಗುವಷ್ಟು ದೊಡ್ಡವನಾಗಿದ್ದಾನೆ. ಹೆರಿಗೆಯೊಡನೆ ಬಿಟ್ಟುಹೋಗಬೇಕಿದ್ದ ರಕ್ತದೊತ್ತಡ ಮಾತ್ರ ನನ್ನಲ್ಲೇ ಉಳಿದುಬಿಟ್ಟಿದೆ. ಅದರ ಜೊತೆಗೆ ಬದುಕುವುದು ಈಗ ಅಭ್ಯಾಸವಾಗಿದೆ. ಅಭ್ಯಾಸವಾಗದೆ ಉಳಿದದ್ದು ಆ ದಿನಗಳ ಒಂಟಿತನದ ನೆನಪು. ಮನೆ ತುಂಬ ಜನರಿದ್ದರು, ಎಲ್ಲರೂ ನನ್ನನ್ನು ಪ್ರೀತಿಸುತ್ತಿದ್ದರು. ಆದರೂ ನನ್ನ ದೇಹದೊಳಗೆ ನಡೆಯುತ್ತಿದ್ದುದನ್ನು ನಾನೊಬ್ಬಳೇ ಹೊತ್ತು ತಿರುಗುತ್ತಿದ್ದೆ. ಇದನ್ನು ಓದುವವರಲ್ಲಿ ಒಬ್ಬಳಾದರೂ ಈಗ ಊದಿದ ಕಾಲನ್ನು ಸೀರೆಯೊಳಗೆ ಮರೆಮಾಡಿಕೊಂಡು ಕುಳಿತಿರಬಹುದು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಉಜಿರೆಯಲ್ಲಿ ಓದುವಾಗ ನಾನು ಚರ್ಚಾಕೂಟಗಳಲ್ಲಿ ಮಾತನಾಡುತ್ತಿದ್ದೆ. ಎದುರಾಳಿಯ ಅತ್ಯಂತ ಗಟ್ಟಿಯಾದ ವಾದವನ್ನು ಮೊದಲು ನಾನೇ ಹೇಳಿ, ಅನಂತರ ಅದನ್ನು ಕೆಡವುವುದು ಅಲ್ಲಿ ಕಲಿತ ವಿದ್ಯೆ. ಮದುವೆಯಾಗಿ ನೆರಿಯಕ್ಕೆ ಬಂದು, ಅಲ್ಲಿಂದಲೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಪಾಠ ಮಾಡತೊಡಗಿದ ಮೇಲೂ ಆ ವಿದ್ಯೆಯನ್ನು ಬಿಡಲಿಲ್ಲ. ಊರಿನ ಮಹಿಳಾ ಸಂಘದ ಸಭೆಗಳಲ್ಲಿ ನಾನು ಪದೇ ಪದೇ ಎತ್ತುತ್ತಿದ್ದ ಪ್ರಶ್ನೆ ಒಂದೇ: ಹತ್ತಿರದಲ್ಲಿ ಸರಕಾರಿ ಆಸ್ಪತ್ರೆ ಇರುವಾಗ ನಮ್ಮ ಹೆಂಗಸರು ಹೆರಿಗೆ ನೋವಿನಲ್ಲಿ ಅದನ್ನು ದಾಟಿ ಮಂಗಳೂರಿಗೆ ಏಕೆ ಓಡಬೇಕು? ನಾವು ಹೋಗದಿದ್ದರೆ ಅಲ್ಲಿಗೆ ವೈದ್ಯರನ್ನೂ ಸಲಕರಣೆಯನ್ನೂ ಕೇಳುವ ಹಕ್ಕು ನಮಗೆ ಬರುವುದು ಹೇಗೆ? ಈ ವಾದದಲ್ಲಿ ನನಗೆ ಇಂದಿಗೂ ನಂಬಿಕೆಯಿದೆ. ಆದರೆ ಆ ಆಸ್ಪತ್ರೆ ಹತ್ತಿರವಿರುವುದು ಯಾರ ಮನೆಗೆ, ಗರ್ಭದ ಯಾವ ತಿಂಗಳಲ್ಲಿ ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಗರ್ಭಿಣಿಯಾದಾಗ ನಾನು ತೋರಿಸಿಕೊಂಡದ್ದು ನಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿ. ರಸ್ತೆಯಿಂದ ಸ್ವಲ್ಪ ಏರು ಹತ್ತಬೇಕು. ಅಲ್ಲಿದ್ದ ಐರಿನ್ ಸಿಸ್ಟರ್ ಏರು ಹತ್ತಿ ಬಂದವರ ಬಿ.ಪಿ.ಯನ್ನು ತಕ್ಷಣ ನೋಡುತ್ತಿರಲಿಲ್ಲ. ನೀರು ಕೊಟ್ಟು ಕುಳ್ಳಿರಿಸುತ್ತಿದ್ದರು. ನಾನು ಕುಳಿತಲ್ಲಿಂದಲೇ ಲಸಿಕೆ, ಸಂಬಳ, ಖಾಲಿ ಹುದ್ದೆ ಎಂದು ಏನಾದರೊಂದು ವಿಷಯ ತೆಗೆಯುತ್ತಿದ್ದೆ.

"ಮೊದಲು ಬಾಯಿ ಮುಚ್ಚಿ ಕೂತ್ಕೊಳ್ಳಿ ಟೀಚರ್," ಎನ್ನುತ್ತಿದ್ದರು ಅವರು. "ನೀವು ಭಾಷಣ ಮಾಡಿದರೆ ನಿಮ್ಮದು ಬಿಡಿ, ನನ್ನ ಬಿ.ಪಿ.ಯೇ ಏರ್ತದೆ."

ಐದು ಕಳೆದು ಆರನೆಯ ತಿಂಗಳು ಹಿಡಿದಾಗ ಎಷ್ಟು ಹೊತ್ತು ಸುಮ್ಮನೆ ಕುಳಿತರೂ ನನ್ನ ಬಿ.ಪಿ. ಇಳಿಯದಾಯಿತು. ಸಿಸ್ಟರ್ ಎರಡು ಸಲ ನೋಡಿದರು, ಪಟ್ಟಿಯನ್ನು ಇನ್ನೊಂದು ಕೈಗೆ ಸುತ್ತಿ ನೋಡಿದರು. ಆ ದಿನ ತಮಾಷೆ ಮಾಡಲಿಲ್ಲ. ಅಲ್ಲಿನ ವೈದ್ಯರು ಮಾತ್ರೆ ಬರೆದುಕೊಟ್ಟು, ಬೆಳ್ತಂಗಡಿಯ ಆಸ್ಪತ್ರೆಯಲ್ಲಿ ಹೆರಿಗೆ ತಜ್ಞರಿಗೆ ತೋರಿಸಲು ಹೇಳಿದರು. ತೋರಿಸಿದೆ. ಹೆರಿಗೆ ಅಲ್ಲೇ ಆಗಬಹುದು, ಆದರೆ ವಾರವಾರ ನೋಡಬೇಕು ಎಂದರು. ಐರಿನ್ ಸಿಸ್ಟರ್ ಅಲ್ಲಿನ ಸಿಸ್ಟರಿಗೆ ಫೋನಿನಲ್ಲಿ ನನ್ನ ಹೆಸರು ಹೇಳಿದ್ದರು. ಭಯವಿತ್ತು. ಆದರೆ ನನ್ನ ಭಯವನ್ನು ಇನ್ನೂ ಇಬ್ಬರು ಮೂವರು ತಿಳಿದಿದ್ದರು, ಮತ್ತು ಅವರೆಲ್ಲ ಒಂದೇ ದಾರಿಯ ಮೇಲಿದ್ದರು. ಈಗ ನೆನೆದರೆ ನನ್ನ ಇಡೀ ಗರ್ಭಾವಸ್ಥೆಯಲ್ಲಿ ನಾನು ಒಬ್ಬಳೇ ಅಲ್ಲ ಎನ್ನಿಸಿದ್ದು ಆ ಕೆಲವು ವಾರ ಮಾತ್ರ.

ಏಳನೆಯ ತಿಂಗಳಲ್ಲಿ ಬಯಕೆ ಬಂತು.

ನಮ್ಮ ಕಡೆ ಸೀಮಂತವನ್ನು ಬಯಕೆ ಎನ್ನುತ್ತಾರೆ. ತವರಿನವರು ಬಂದು, ಮಡಿಲು ತುಂಬಿಸಿ, ಊಟ ಮುಗಿಸಿ, ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಚೊಚ್ಚಲ ಹೆರಿಗೆ ತವರಿಗೆ ಸೇರಿದ್ದು. ನನ್ನ ತವರು ಇರುವುದು ಮೂಡುಬಿದಿರೆಯನ್ನೂ ದಾಟಿ, ಮಿಜಾರಿನಿಂದ ಒಳಗೆ ಹೋಗುವ ಒಂದು ಹಳ್ಳಿಯಲ್ಲಿ. ನಾನು ನೆರಿಯದಲ್ಲೇ ಇರುತ್ತೇನೆ, ಬಯಕೆಯ ಶಾಸ್ತ್ರ ಮುಗಿಸಿ ಅಮ್ಮನೇ ಇಲ್ಲಿಗೆ ಬಂದು ಇರಲಿ ಎಂದು ಮೊದಲೇ ಹೇಳಿದ್ದೆ. ಕಾರಣಗಳನ್ನು ಒಂದೊಂದಾಗಿ ಜೋಡಿಸಿ ಮಂಡಿಸಿದ್ದೆ. ಯಾರೂ ಎದುರು ವಾದಿಸಲಿಲ್ಲ. ಅದೇ ತೊಂದರೆಯಾಯಿತು.

ಅಮ್ಮ ನನ್ನ ಕೈ ಹಿಡಿದುಕೊಂಡು, "ಬೀಗರ ಮನೆಯಲ್ಲಿ ನಾನು ಬಂದು ಕೂತ್ಕೊಳ್ಳುವುದು ಹೇಗೆ ಮಗಾ? ಅಮ್ಮ ಇದ್ದೂ ಮಗಳನ್ನು ಕರ್ಕೊಂಡು ಹೋಗಲಿಲ್ಲ ಅಂತ ಊರಿಡೀ ಹೇಳುವುದಿಲ್ಲವಾ?" ಎಂದಳು. ಅತ್ತೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಇಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಾಳೆ ನಿನ್ನ ತವರಿನವರಿಗೆ ನಾನು ಯಾವ ಮುಖ ತೋರಿಸಲಿ ಎಂದು ಕೇಳಿದರು. ನನ್ನ ಗಂಡ ದಿನೇಶನಿಗೆ ಕಕ್ಕಿಂಜೆಯಲ್ಲಿ ಪಂಪು ರಿಪೇರಿಯ ಅಂಗಡಿ. ಯಾವ ಯಂತ್ರ ಎಲ್ಲಿ ಕೆಟ್ಟಿದೆ ಎಂದು ಶಬ್ದದಲ್ಲೇ ಹೇಳಬಲ್ಲವನು ಆ ದಿನ ಇಬ್ಬರು ಹೆಂಗಸರ ಮುಖವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ. ಕಡೆಗೆ, "ಹೋಗಿರು. ಭಾನುವಾರ ಭಾನುವಾರ ನಾನು ಬರ್ತೇನೆ," ಎಂದ.

ಮಧ್ಯಾಹ್ನದ ಊಟವಾಗಿ ಕಾರು ಹೊರಟಿತು. ಉಜಿರೆ ದಾಟಿತು. ಬೆಳ್ತಂಗಡಿ ಬಂತು. ನಾನು ತೋರಿಸಿಕೊಂಡಿದ್ದ ಆಸ್ಪತ್ರೆ ಕಿಟಕಿಯ ಆಚೆ ಬಂದು ಹಿಂದಕ್ಕೆ ಸರಿಯಿತು. ಅಮ್ಮ ನನ್ನ ಮಡಿಲ ಹಣ್ಣುಗಳು ಉರುಳದ ಹಾಗೆ ಹಿಡಿದುಕೊಂಡಿದ್ದಳು. ಗುರುವಾಯನಕೆರೆ, ವೇಣೂರು, ಮೂಡುಬಿದಿರೆ. ಹೆಂಗಸರು ನೋವು ತಿನ್ನುತ್ತಾ, ಗಾಬರಿಯಲ್ಲಿ, ಆಸ್ಪತ್ರೆಯನ್ನು ದಾಟಿ ಹೋಗುತ್ತಾರೆ ಎಂದು ನಾನು ಸಭೆಗಳಲ್ಲಿ ವರ್ಣಿಸುತ್ತಿದ್ದೆ. ನಾನು ನನ್ನ ಆಸ್ಪತ್ರೆಯನ್ನು ದಾಟಿದ್ದು ನೋವು ಬರುವುದಕ್ಕೆ ಎಷ್ಟೋ ಮೊದಲೇ, ಹೊಸ ಸೀರೆಯುಟ್ಟು, ಹೊಟ್ಟೆ ತುಂಬ ಉಂಡು.

ತವರಿನಲ್ಲಿ ನನ್ನನ್ನು ಹೂವಿನ ಹಾಗೆ ನೋಡಿಕೊಂಡರು. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಅಮ್ಮ ಗಂಜಿಗೆ ಮಿಡಿ ಉಪ್ಪಿನಕಾಯಿ ಬಡಿಸುವಳು. ಉಪ್ಪು ಬೇಡ ಎಂದರೆ, ಬಸುರಿಯ ಬಾಯಿಗೆ ಇಲ್ಲವೆನ್ನಬಾರದು ಎಂದು ತಟ್ಟೆಯ ಅಂಚಿಗೆ ಸರಿಸುವಳು. ಕಾಲು ಊದಿದೆ ಎಂದರೆ, ನೀನು ಹೊಟ್ಟೆಯಲ್ಲಿದ್ದಾಗ ನನ್ನದು ಇದಕ್ಕಿಂತ ಜಾಸ್ತಿ ಊದಿತ್ತು ಎನ್ನುವಳು. ನೆರೆಯವರು ಬಂದು ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎಂದು ಪಂಥ ಕಟ್ಟುವರು. ನಾನು ನಗುತ್ತಿದ್ದೆ. ಅವರು ಹೋದ ಮೇಲೆ ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗೆ ಒತ್ತಿ, ಬಿದ್ದ ಗುಳಿ ತುಂಬಿಕೊಳ್ಳುವುದನ್ನು ನೋಡುತ್ತ ಕೂರುತ್ತಿದ್ದೆ.

ಆ ಊರಿಗೂ ಒಂದು ಆರೋಗ್ಯ ಕೇಂದ್ರವಿದೆ. ತಪಾಸಣೆಯ ವಿವರವೆಲ್ಲ ಬರೆದಿದ್ದ ತಾಯಿ ಕಾರ್ಡು ಹಿಡಿದುಕೊಂಡು ಹೋದೆ. ಚಿಕ್ಕ ವಯಸ್ಸಿನ ವೈದ್ಯರು. ಬಂದು ಹೆಚ್ಚು ದಿನವಾಗಿರಲಿಲ್ಲ. ತುಂಬ ಮರ್ಯಾದೆಯಿಂದ ಮಾತನಾಡಿಸಿದರು. ಇಷ್ಟು ದಿನ ಬೇರೆ ಕಡೆ ತೋರಿಸಿದ್ದೀರಿ, ಬಿ.ಪಿ. ಬೇರೆ ಇದೆ, ನಮ್ಮಲ್ಲಿ ಇಟ್ಟುಕೊಳ್ಳುವುದು ಸರಿಯಾಗುವುದಿಲ್ಲ, ದೊಡ್ಡ ಕಡೆ ಹೋಗಿಬಿಡಿ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮಾತ್ರೆ ನುಂಗುತ್ತಿದ್ದೆ, ಆದರೆ ದೊಡ್ಡ ಕಡೆಗೆ ಹೋಗುವುದು ನಾಳೆ ನಾಳೆ ಎಂದು ಮುಂದಕ್ಕೆ ಹೋಯಿತು. ಅಲ್ಲಿನ ಆಶಾ ಕಾರ್ಯಕರ್ತೆ ನನ್ನ ಶಾಲೆಯ ಗೆಳತಿಯ ಅಕ್ಕ. ನೀನು ನೆರಿಯದವರ ಲೆಕ್ಕಕ್ಕೆ ಬರುವವಳು ಎಂದು ನಕ್ಕಳು. ನೆರಿಯದ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರೆ, ನೀವೀಗ ತವರಿನಲ್ಲಿದ್ದೀರಲ್ಲ ಟೀಚರ್ ಎಂದಳು. ನಾನು ಹುಟ್ಟಿ ಬೆಳೆದ ಊರಿನ ಆಸ್ಪತ್ರೆಗೆ ನಾನು ನೆಂಟಳಾಗಿದ್ದೆ. ಸಂಸಾರ ಮಾಡುವ ಊರಿನ ಆಸ್ಪತ್ರೆಗೆ, ಹೊರಟು ಹೋದವಳು.

ಐರಿನ್ ಸಿಸ್ಟರ್ ಒಬ್ಬರೇ ಆಗಾಗ ಫೋನಿನಲ್ಲಿ ವಿಚಾರಿಸುತ್ತಿದ್ದರು. ಒಮ್ಮೆ ಹೇಳಿದರು: "ಅಲ್ಲಿ ಯಾರಿದ್ದಾರೆ ಅಂತ ನನಗೆ ಗೊತ್ತಿಲ್ಲ ಟೀಚರ್, ಗೊತ್ತಿದ್ದರೆ ನಾನೇ ಹೇಳ್ತಿದ್ದೆ. ತಲೆನೋವು ಬಂದರೆ, ಕಣ್ಣು ಮಂಜು ಮಂಜಾದರೆ ಯಾರ ಒಪ್ಪಿಗೆಯನ್ನೂ ಕೇಳ್ಬೇಡಿ. ಹೊರಡಿ."

ಒಂಬತ್ತು ತುಂಬಲು ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ ತಿಂಡಿಗೆ ಕುಳಿತಿದ್ದೆ. ತಟ್ಟೆಯಲ್ಲಿದ್ದ ನೀರುದೋಸೆಯ ಅಂಚು ಇಲ್ಲವಾಯಿತು. ಕಣ್ಣುಜ್ಜಿದೆ. ತಟ್ಟೆಯ ಒಂದು ಬದಿ ಇತ್ತು, ಇನ್ನೊಂದು ಬದಿಯಲ್ಲಿ ಬೆಳಕಿನ ಕಿಡಿಗಳು. ತಲೆಯ ಹಿಂಭಾಗದಲ್ಲಿ ಹಿಂದಿನ ದಿನದಿಂದ ಇದ್ದ ನೋವು ಮುಂದಕ್ಕೆ ಬಂತು. ಅದರ ಜೊತೆಗೇ ಸೊಂಟದಲ್ಲಿ ಹಿಡಿದಂತಾಗಿ ಬಿಟ್ಟಿತು. ಅಮ್ಮನಿಗೆ ಹೇಳಿದೆ. ಅವಳು ಬಿಸಿನೀರು ಕಾಯಿಸಲು ಎದ್ದಳು. ಅಣ್ಣ ಕಾರು ತೆಗೆದು ಅವಳನ್ನೂ ಮುಂದಿನ ಸೀಟಿಗೆ ಹತ್ತಿಸಿದ. ಅಣ್ಣನ ಹೆಂಡತಿ, ಶೋಭಾ ಅತ್ತಿಗೆ, ನನ್ನ ಪಕ್ಕ ಕುಳಿತು ನನ್ನ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು.

ಶೋಭಾ ಅತ್ತಿಗೆಯ ಬಗ್ಗೆ ಒಂದು ಮಾತು ಹೇಳಬೇಕು. ಅವರ ಮೊದಲ ಮಗು ಉಳಿಯಲಿಲ್ಲ. ಒಂದು ಆಸ್ಪತ್ರೆಗೆ ಹೋಗಿ, ಅಲ್ಲಿ ಆಗುವುದಿಲ್ಲವೆಂದು ಇನ್ನೊಂದಕ್ಕೆ ಕಳಿಸಿ, ಆ ದಾರಿಯಲ್ಲಿ ಎಲ್ಲ ಮುಗಿದುಹೋಗಿತ್ತು. ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ಅವರೂ ಎತ್ತಿದವರಲ್ಲ.

ಮುಖ್ಯ ರಸ್ತೆಗೆ ಸೇರುವ ಮೊದಲು ಆರೋಗ್ಯ ಕೇಂದ್ರ ಸಿಗುತ್ತದೆ. ಗೇಟು ತೆರೆದಿತ್ತು. ಬಿಳಿ ಕೋಟಿನ ಯಾರೋ ಜಗುಲಿಯಲ್ಲಿ ನಿಂತದ್ದು ನನ್ನ ಸರಿಯಾಗಿದ್ದ ಅರ್ಧ ಕಣ್ಣಿಗೆ ಕಂಡಿತು.

"ಇಲ್ಲಿ ನಿಲ್ಲಿಸಣ್ಣಾ," ಎಂದೆ.

ಅಣ್ಣ ವೇಗ ತಗ್ಗಿಸಿದ. ಕಾರು ಗೇಟಿನ ಎದುರು ಬಂದು ನಿಂತೇಬಿಟ್ಟಿತು ಎನ್ನುವಾಗ ಅತ್ತಿಗೆ ಹೇಳಿದರು, ಅಣ್ಣನಿಗಲ್ಲ, ನನ್ನ ಕಿವಿಯ ಹತ್ತಿರ: "ಇಲ್ಲಿ ಇಳಿದರೆ ಇಲ್ಲಿಂದ ಮತ್ತೆ ಹತ್ತಿಸ್ತಾರೆ. ಆ ಇಳಿಯುವುದು ಹತ್ತುವುದು ಏನು ಅಂತ ನನಗೆ ಗೊತ್ತುಂಟು. ಬೇಡ."

ನಾನು ಎರಡನೆಯ ಸಲ ಹೇಳಲಿಲ್ಲ. ಕಾರು ಮುಂದೆ ಹೋಯಿತು.

ಈ ಕ್ಷಣವನ್ನು ಅನಂತರ ಅದೆಷ್ಟು ಬಾರಿ ಎರಡೂ ಪಕ್ಷಗಳಿಂದ ವಾದಿಸಿದ್ದೇನೋ. ನಿಲ್ಲಿಸಿದ್ದರೆ, ಬಿ.ಪಿ. ಏರಿದ ಬಸುರಿಗೆ ಕೊಡುವ ಇಂಜೆಕ್ಷನ್ ಅಲ್ಲಿ ಇದ್ದಿದ್ದರೆ, ಮೊದಲ ಡೋಸನ್ನು ಅಲ್ಲೇ ಕೊಟ್ಟು ಆಂಬುಲೆನ್ಸಿನಲ್ಲಿ ಕಳಿಸುತ್ತಿದ್ದರು, ಮುಂದಿನದು ಆಗುತ್ತಿರಲಿಲ್ಲ ಎಂದು ಮಂಗಳೂರಿನ ವೈದ್ಯರು ಆಮೇಲೆ ಹೇಳಿದರು. ಇಲ್ಲದೆ ಇದ್ದಿದ್ದರೆ? ವೈದ್ಯರು ಆ ದಿನ ಇನ್ನೊಂದು ಕೇಂದ್ರದ ಡ್ಯೂಟಿಯಲ್ಲಿದ್ದಿದ್ದರೆ? ಗೇಟಿನ ಹೊರಗೆ ಕಾರಿನಲ್ಲಿ ಕುಳಿತವಳಿಗೆ ಅದು ತಿಳಿಯುವ ಯಾವ ದಾರಿಯೂ ಇಲ್ಲ. ನಂಬಿಕೆಯಿಲ್ಲದೆ ದಾಟಿ ಹೋಗುತ್ತಾರೆ ಎಂದು ನಾವು ಸುಲಭವಾಗಿ ಹೇಳುತ್ತೇವೆ. ನಂಬುವುದಕ್ಕೆ ಒಂದು ಮುಖ ಬೇಕು. ಆ ಗೇಟಿನೊಳಗೆ ನನ್ನ ಹೆಸರು ಹಿಡಿದು ಕರೆಯುವ ಮುಖವೊಂದು ಇದ್ದಿದ್ದರೆ ನಾನು ಎರಡನೆಯ ಸಲವೂ, ಮೂರನೆಯ ಸಲವೂ ಹೇಳುತ್ತಿದ್ದೆ.

ಕೈಕಂಬ ದಾಟಿದ್ದು ನೆನಪಿದೆ. ಮಂಗಳೂರಿನ ದೊಡ್ಡ ಆಸ್ಪತ್ರೆಯ ಗಾಲಿ ಮಂಚ, ಮೇಲೆ ಸರಿಯುತ್ತಿದ್ದ ಟ್ಯೂಬ್‌ಲೈಟುಗಳು ನೆನಪಿವೆ. ಕೇಳಿದವರೆಲ್ಲ ಹೊಸಬರು: ಹೆಸರು, ಊರು, ಎಷ್ಟು ತಿಂಗಳು, ಮೊದಲು ಎಲ್ಲಿ ತೋರಿಸಿದ್ದು. ಊರು ಎಂದಾಗ ಯಾವುದು ಹೇಳಲಿ ಎಂದು ತಡೆದೆ. ಒಂದು ಬಾಗಿಲ ಬಳಿ ಅಮ್ಮನನ್ನೂ ಅತ್ತಿಗೆಯನ್ನೂ ನಿಲ್ಲಿಸಿದರು. ಯಾರೋ ನನ್ನ ಬಳೆಗಳನ್ನು ತೆಗೆದು ಹೊರಗೆ ಅಮ್ಮನ ಕೈಗೆ ಕೊಟ್ಟರು. ಬಳೆಗಳು ಅಮ್ಮನ ಬಳಿಗೆ ಹೋದವು, ನಾನು ಒಳಗೆ ಹೋದೆ. ಸೂಜಿ ಚುಚ್ಚಿದಾಗ ಮೈಯೊಳಗೆ ಕಾದ ನೀರು ಹರಿದ ಹಾಗೆ ಉರಿ ಎದ್ದಿತು. ಸೇವಕಿಯೊಬ್ಬರು ನನ್ನ ಹಣೆಯ ಮೇಲೆ ಅಂಗೈಯಿಟ್ಟರು. ಅವರ ಹೆಸರು ನನಗೆ ಇಂದಿಗೂ ತಿಳಿಯದು. ಅನಂತರದ್ದು ನೆನಪಿಲ್ಲ.

ಫಿಟ್ಸ್ ಬಂತಂತೆ. ಆಪರೇಷನ್ ಮಾಡಿದರಂತೆ. ನನ್ನ ಮಗ ಹುಟ್ಟಿದ್ದು ನನಗೆ "ಅಂತೆ" ಮಾತ್ರ.

ಎಚ್ಚರವಾದಾಗ ಹೊಟ್ಟೆ ಚಪ್ಪಟೆಯಾಗಿತ್ತು, ಪಕ್ಕದಲ್ಲಿ ತೊಟ್ಟಿಲಿರಲಿಲ್ಲ. ಕೇಳಲು ನಾಲಿಗೆ ತಿರುಗಲಿಲ್ಲ. ಫಿಟ್ಸಿನಲ್ಲಿ ಅದನ್ನು ಕಚ್ಚಿಕೊಂಡಿದ್ದೆ. ಉತ್ತರ ಕೊಟ್ಟದ್ದು ಪಕ್ಕದ ಮಂಚದವಳು. ಬಂಟ್ವಾಳದ ಕಡೆಯ ನೆಬೀಸ, ಮೂರನೆಯ ಹೆರಿಗೆಗೆ ಬಂದವಳು.

"ಗಂಡು," ಎಂದಳು. "ಸಣ್ಣದುಂಟು, ಅದಕ್ಕೆ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಸಿರು ಸರಿ ಉಂಟಂತೆ. ನಿಮ್ಮ ಅಮ್ಮ ಬಾಗಿಲಲ್ಲಿ ಅಳ್ತಾ ಇದ್ದರು, ನಾನು ಬೈದು ಕಳಿಸಿದೆ."

ನನಗೆ ಮೊದಲು ಸುದ್ದಿ ಹೇಳಿದವಳು ಅವಳು. ವೈದ್ಯರು ಆಮೇಲೆ ಬಂದು ಅದನ್ನೇ ಇನ್ನಷ್ಟು ಉದ್ದವಾಗಿ ಹೇಳಿದರು. ಆ ವಾರ್ಡಿನಲ್ಲಿ ಮನೆಯವರಿಗೆ ಸ್ವಲ್ಪ ಹೊತ್ತು ಮಾತ್ರ ಪ್ರವೇಶ. ಉಳಿದ ಹೊತ್ತೆಲ್ಲ ನಾನು ಸೂರಿನ ಕಡೆ ನೋಡುತ್ತ, ಮಹಡಿಯ ಇನ್ನೊಂದು ತುದಿಯಲ್ಲಿದ್ದ, ನಾನಿನ್ನೂ ನೋಡದ ಮಗುವಿನ ಮುಖವನ್ನು ಊಹಿಸುತ್ತಿದ್ದೆ. ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ದಿನೇಶ ಬಂದವನು ಮಗುವನ್ನು ಗಾಜಿನಾಚೆಯಿಂದ ನೋಡಿ ಬಂದು, "ನಿನ್ನ ಹಾಗೆಯೇ, ಬಾಯಿ ತೆರೆದುಕೊಂಡೇ ಉಂಟು," ಎಂದ. ನಗಲು ಹೋಗಿ ಹೊಲಿಗೆ ನೋಯಿತು. ಅವನನ್ನು ಹೊರಗೆ ಕಳಿಸಿದರು.

ನಾಲಿಗೆ ಸ್ವಲ್ಪ ಸರಿಯಾದ ಮೇಲೆ ನೆಬೀಸಳನ್ನು ಕೇಳಿದೆ, ನಿಮ್ಮ ಊರಿನಲ್ಲಿ ಆಸ್ಪತ್ರೆ ಇಲ್ಲವೇ ಎಂದು. ನನ್ನೊಳಗಿನ ಭಾಷಣಗಾರ್ತಿ ಆ ಸ್ಥಿತಿಯಲ್ಲೂ ಸತ್ತಿರಲಿಲ್ಲ.

"ಉಂಟಲ್ಲ. ಚಂದದ ಆಸ್ಪತ್ರೆ, ಮೊನ್ನೆ ಪೈಂಟು ಬೇರೆ ಹೊಡೆದಿದ್ದಾರೆ," ಎಂದಳು. "ಡಾಕ್ಟ್ರು ಒಂದು ದಿನ ಇದ್ದರೆ ಒಂದು ದಿನ ಇಲ್ಲ. ಹೆರಿಗೆ ನೋವು ಡಾಕ್ಟ್ರ ರಜೆ ಕೇಳಿಕೊಂಡು ಬರ್ತದಾ ಮಾರಾಯ್ತಿ?"

ಆಚೆಯ ಮಂಚದವರೂ ನಕ್ಕರು. ಎಲ್ಲರೂ ಒಂದಲ್ಲ ಒಂದು ಗೇಟನ್ನು ದಾಟಿ ಬಂದವರೇ. ಒಬ್ಬಳು ಗಂಡನ ಮನೆಯಿಂದ, ಒಬ್ಬಳು ನನ್ನ ಹಾಗೆ ತವರಿನಿಂದ. ಮರುದಿನ ನೆಬೀಸ ಮಗುವನ್ನೆತ್ತಿಕೊಂಡು ಹೊರಟುಹೋದಳು. ಹೋಗುವಾಗ ತನ್ನ ಫ್ಲಾಸ್ಕಿನಲ್ಲಿ ಉಳಿದಿದ್ದ ಬಿಸಿ ನೀರನ್ನು ನನ್ನ ಲೋಟಕ್ಕೆ ಸುರಿದಳು. ಆ ಮಂಚಕ್ಕೆ ಬೇರೆಯವರು ಬಂದರು.

ಮಗುವನ್ನು ಕೊನೆಗೂ ನನ್ನ ಕೈಗೆ ಕೊಟ್ಟ ದಿನದ ಬಗ್ಗೆ ಬರೆಯಲಾರೆ. ಬರೆಯಲು ಕುಳಿತಾಗಲೆಲ್ಲ ಬಿಟ್ಟು ಎದ್ದಿದ್ದೇನೆ.

ಬಾಣಂತನ ಮುಗಿಸಿ ನೆರಿಯಕ್ಕೆ ಮರಳಿದಾಗ ಬಿ.ಪಿ. ಇಳಿದಿರಲಿಲ್ಲ. ಆರೋಗ್ಯ ಕೇಂದ್ರದ ಏರು ಹತ್ತಿ ಹೋದರೆ ಐರಿನ್ ಸಿಸ್ಟರಿಗೆ ವರ್ಗವಾಗಿತ್ತು. ಅವರ ಕುರ್ಚಿಯಲ್ಲಿ ಸವಿತಾ ಎಂಬ ಹೊಸ ಸಿಸ್ಟರ್. ನಾನು ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೊಂದು ಸಂಗತಿ ಸ್ಪಷ್ಟವಾಯಿತು: ಹೆಣ್ಣು ಏಳನೆಯ ತಿಂಗಳಲ್ಲಿ ಊರು ಬದಲಿಸುತ್ತಾಳೆ, ಸಿಸ್ಟರ್ ಕೆಲವು ವರ್ಷಕ್ಕೊಮ್ಮೆ ಊರು ಬದಲಿಸುತ್ತಾರೆ, ವೈದ್ಯರು ಅದಕ್ಕೂ ಬೇಗ. ಇದ್ದಲ್ಲೇ ಇರುವುದು ದೊಡ್ಡ ಆಸ್ಪತ್ರೆಯೊಂದೇ. ಅಲ್ಲಿ ಯಾರಿಗೂ ನಮ್ಮ ಪರಿಚಯವಿಲ್ಲ, ಆದರೆ ಅಲ್ಲಿ ಯಾವಾಗಲೂ ಯಾರೋ ಒಬ್ಬರು ಇರುತ್ತಾರೆ. ಹೆಂಗಸರು ಈ ಎರಡನ್ನೂ ತೂಗಿ ನೋಡಿಯೇ ಆರಿಸುತ್ತಾರೆ. ಅದನ್ನು ಅಜ್ಞಾನವೆಂದು ಕರೆಯುವವರೊಂದಿಗೆ ನಾನು ಈಗ ವಾದಕ್ಕೆ ನಿಲ್ಲುತ್ತೇನೆ. ವೈದ್ಯರನ್ನು ಕೊಡಿ, ಇಂಜೆಕ್ಷನ್ ಕೊಡಿ ಎಂದು ಪಂಚಾಯತಿಗೂ ಮೇಲಿನವರಿಗೂ ಬರೆಯುವುದನ್ನೂ ನಿಲ್ಲಿಸಿಲ್ಲ. ಆದರೆ ಅವರ ಉತ್ತರ ಬರುವವರೆಗೆ ಬಸುರಿಯರು ಕಾಯಲಾರರು.

ಕಳೆದ ತಿಂಗಳು ನನ್ನ ನಾದಿನಿ ರಕ್ಷಿತಾಳ ಬಯಕೆ ಇತ್ತು, ಬಂಟ್ವಾಳದ ಅವಳ ಗಂಡನ ಮನೆಯಲ್ಲಿ. ಈ ಸಲ ತವರಿನವರು ನಾವು. ಅವಳನ್ನು ಕರೆತರಲು ಅತ್ತೆಯವರ ಜೊತೆ ನಾನೂ ಹೋಗಿದ್ದೆ. ನಮ್ಮ ಊರು ಹತ್ತಿರವಾದಾಗ, ಮನೆಗಿಂತ ಮೊದಲು ಆರೋಗ್ಯ ಕೇಂದ್ರದ ಕಡೆ ಕಾರು ತಿರುಗಿಸಲು ದಿನೇಶನಿಗೆ ಹೇಳಿದೆ.

ಅತ್ತೆಯವರಿಗೆ ಸಿಟ್ಟು ಬಂತು. "ಶುಭಕಾರ್ಯ ಮುಗಿಸಿ ಬರುವವಳನ್ನು ಯಾರಾದರೂ ಆಸ್ಪತ್ರೆಯ ಮೆಟ್ಟಿಲು ಹತ್ತಿಸ್ತಾರಾ? ನಿನ್ನ ಚರ್ಚೆ ಎಲ್ಲ ಕಾಲೇಜಿನಲ್ಲಿ ಇಟ್ಟುಕೋ."

"ಚರ್ಚೆ ಇಲ್ಲ ಅತ್ತೆ," ಎಂದೆ. "ಸೊಸೆಯ ಪರಿಚಯ ಆ ಹೊತ್ತಿನಲ್ಲಿ ಯಾರಿಗೂ ಇರಲಿಲ್ಲ. ಮಗಳಿಗೆ ಹಾಗೆ ಆಗುವುದು ಬೇಡ."

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ದಿನೇಶ ಕಾರು ತಿರುಗಿಸಿದ.

ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ರಕ್ಷಿತಾ ಏರು ಹತ್ತಿದಳು. ಮುಡಿಯ ತುಂಬ ಮಲ್ಲಿಗೆ. ಸವಿತಾ ಸಿಸ್ಟರ್ ನೋಡಿ ಬೆರಗಾಗಿ ನಿಂತರು. ನಾನು ಹೇಳಿದೆ: ಇವಳು ಹೆರಿಗೆಗೆ ಇಲ್ಲಿಗೆ ಬಂದಿದ್ದಾಳೆ, ಇವಳ ಮುಖ ನಿಮಗೆ ತಿಳಿದಿರಲಿ. ಸಿಸ್ಟರ್ ಸುಳ್ಳು ಭರವಸೆ ಕೊಡಲಿಲ್ಲ. ತಾನೇ ಇರುತ್ತೇನೆ ಎಂದು ಹೇಳಲಾಗದು, ಹೆರಿಗೆ ಇಲ್ಲೇ ಆದೀತು ಎಂದೂ ಹೇಳಲಾಗದು, ಆದರೆ ಮೊದಲು ತನಗೆ ಫೋನ್ ಮಾಡಿದರೆ ಮುಂದೆ ಎಲ್ಲಿಗೆ, ಯಾರ ಬಳಿಗೆ ಎಂದು ತಾನು ಕೇಳಿ ಹೇಳುತ್ತೇನೆ ಎಂದರು. ತಮ್ಮ ನಂಬರನ್ನು ರಕ್ಷಿತಾಳ ಫೋನಿಗೆ ತಾವೇ ಒತ್ತಿ ಹಾಕಿದರು. ಅನಂತರ ಅವಳನ್ನು ಪರೀಕ್ಷೆಗೆ ಒಳಗೆ ಕರೆದುಕೊಂಡರು. ನಾನೂ ಅವರ ಹಿಂದೆ ಹೊರಟಾಗ, "ನೀವು ಇಲ್ಲೇ ಇರಿ ಟೀಚರ್. ಅವರ ಮಾತು ಅವರೇ ಹೇಳಲಿ," ಎಂದು ಬಾಗಿಲು ಮುಂದೆ ಮಾಡಿದರು.

ನಾನು ಹೊರಗಿನ ಬೆಂಚಿನಲ್ಲಿ ಕುಳಿತೆ. ಕೆಳಗೆ ಕಾರಿನಲ್ಲಿ ಅತ್ತೆ ಇನ್ನೂ ಮುಖ ಊದಿಸಿಕೊಂಡಿದ್ದರು. ಒಳಗೆ ಸಿಸ್ಟರ್ ಏನನ್ನೋ ಕೇಳಿದರು, ರಕ್ಷಿತಾ ಬಹಳ ಹೊತ್ತು ಉತ್ತರ ಹೇಳಿದಳು. ಆಮೇಲೆ ಇಬ್ಬರೂ ನಕ್ಕರು. ಯಾತಕ್ಕೆಂದು ನನಗೆ ಕೇಳಿಸಲಿಲ್ಲ.